ಹಸುಗೂಸಿನ ಕೈಗೆ ಮದರಂಗಿ ಏಕೆ ಬೇಡ?

ಬಾಣಂತಿಯನ್ನು ನೋಡಲು ಹೋದಾಗ 'ಮಗು ಸ್ವಲ್ಪ ಹಳದಿ ಇದೆ' ಎಂಬ ಮಾತು ಕೇಳದವರು ಕಡಿಮೆ. ಹೆಚ್ಚಿನ ಮಕ್ಕಳಲ್ಲಿ ಇದು ಹೆದರುವ ವಿಷಯವಲ್ಲ. ಹುಟ್ಟಿದ ಮೇಲೆ ಮಗುವಿನ ಹಳೆಯ ಕೆಂಪು ರಕ್ತಕಣಗಳು ಒಡೆದು ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಎಳೆಯ ಯಕೃತ್ತಿಗೆ ಅದನ್ನು ಬೇಗ ಹೊರಹಾಕಲು ಆಗುವುದಿಲ್ಲ. ಎರಡನೇ ಅಥವಾ ಮೂರನೇ ದಿನ ಕಾಣಿಸುವ ಈ ಕಾಮಾಲೆ ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ.

ಆದರೆ ಕೆಲವು ಮಕ್ಕಳಲ್ಲಿ ರಕ್ತಕಣಗಳು ಅತಿ ವೇಗವಾಗಿ ಒಡೆಯುತ್ತವೆ. ಅದಕ್ಕೆ ಒಂದು ಕಾರಣ ಜಿ6ಪಿಡಿ ಎಂಬ ಕಿಣ್ವದ ಕೊರತೆ. ಕೆಂಪು ರಕ್ತಕಣವನ್ನು ಉತ್ಕರ್ಷಣೆಯಿಂದ ಕಾಯುವುದು ಈ ಕಿಣ್ವ. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ದ್ವಿತೀಯ ಪಿಯುಸಿಯಲ್ಲಿ ವರ್ಣಾಂಧತೆಗೆ ಬರೆಯುವ ಚಿತ್ರವೇ ಇದಕ್ಕೂ ಸರಿ: ವಾಹಕಳಾದ ತಾಯಿಯಿಂದ ಪ್ರತಿ ಗಂಡುಮಗುವಿಗೂ ಕೊರತೆ ಬರುವ ಸಾಧ್ಯತೆ ಅರ್ಧ. ಹೆಣ್ಣುಮಕ್ಕಳಲ್ಲೂ ಕಾಣಬಹುದು, ಆದರೆ ಕಡಿಮೆ. ಕೊರತೆಯಿರುವ ಅನೇಕರು ಅದು ಗೊತ್ತೇ ಇಲ್ಲದೆ ಆರೋಗ್ಯವಾಗಿ ಬದುಕುತ್ತಾರೆ, ಕೆಲವು ವಸ್ತುಗಳು ಮೈಗೆ ಸೇರುವ ತನಕ.

ಆ ವಸ್ತುಗಳು ನಮ್ಮ ಮನೆಗಳಲ್ಲೇ ಇವೆ. ಮಳೆಗಾಲದಲ್ಲಿ ಬಟ್ಟೆಯ ಕಪಾಟಿಗೆ ಹಾಕುವ ನುಸಿಗುಳಿಗೆಯಲ್ಲಿ ನಾಫ್ತಲೀನ್ ಇರುತ್ತದೆ. ಅಣ್ಣನ ಹಳೆಯ ಅಂಗಿಯನ್ನು ಕಪಾಟಿನಿಂದ ತೆಗೆದು ಹಾಗೆಯೇ ಮಗುವಿಗೆ ತೊಡಿಸಿದರೆ ಅದು ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಹೋಗುತ್ತದೆ. ಎಣ್ಣೆ ಹಚ್ಚಿದ ಮೈಯಾದರೆ ಇನ್ನೂ ಬೇಗ. ಎರಡನೆಯದು ಮದರಂಗಿ. ಬಣ್ಣ ಕೊಡುವ ಲಾಸೋನ್ ಎಂಬ ಅದರ ಅಂಶವೂ ಇಂಥ ಮಕ್ಕಳ ರಕ್ತಕಣ ಒಡೆಯುತ್ತದೆ. ದೊಡ್ಡವರ ಅಂಗೈಗೆ ಏನೂ ಆಗದ ಮದರಂಗಿ ಪುಟ್ಟ ಮೈಗೆ ಹೆಚ್ಚಾಗುತ್ತದೆ. ಈದ್‌ಗೆ ಅಕ್ಕಂದಿರು ಹಚ್ಚಿಕೊಳ್ಳಲಿ, ತೊಟ್ಟಿಲಲ್ಲಿರುವ ಮಗುವಿಗೆ ಬೇಡ.

ಗಲ್ಫ್‌ನಲ್ಲಿ ಬೆಳಗ್ಗೆ ತಿನ್ನುವ 'ಫೂಲ್' ಕೂಡ ಈ ಪಟ್ಟಿಯಲ್ಲಿದೆ. ಅದು ಫಾವಾ ಬೀನ್ಸ್, ನಮ್ಮ ಅವರೆಯಲ್ಲ. ಮಂಗಳೂರು ಕಡೆ ಹಿಂದೆ ಸಾಮಾನ್ಯವಾಗಿದ್ದ ವೈವಾಕ್ಸ್ ಮಲೇರಿಯಾಕ್ಕೆ 14 ದಿನ ಕೊಡುವ ಪ್ರೈಮಾಕ್ವಿನ್ ಮಾತ್ರೆಯೂ ಹಾಗೆಯೇ. ಮನೆಯಲ್ಲಿ ಯಾರಿಗಾದರೂ ಈ ಕೊರತೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಬಿಲಿರುಬಿನ್ ಮಿತಿಮೀರಿ ಮೆದುಳಿಗೆ ಸೇರಿದರೆ ಕಿವುಡುತನ, ಅಂಗಾಂಗಗಳ ಹತೋಟಿ ತಪ್ಪುವುದು ಶಾಶ್ವತವಾಗಿ ಉಳಿಯಬಹುದು. ಆದ್ದರಿಂದ ಮಗುವನ್ನು ಹಗಲು ಬೆಳಕಿನಲ್ಲಿ, ಹಣೆಯನ್ನೂ ಎದೆಯನ್ನೂ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಕಪ್ಪು ಮೈಬಣ್ಣದ ಮಗುವಾದರೆ ಕಣ್ಣಿನ ಬಿಳಿಭಾಗ, ವಸಡು ನೋಡಿ. ಮೊದಲ 24 ಗಂಟೆಯಲ್ಲೇ ಹಳದಿಯಾದರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮಗು ಹಾಲು ಬಿಟ್ಟು ಮಂಪರಿನಲ್ಲಿದ್ದರೆ, ಕೀರಲು ದನಿಯಲ್ಲಿ ಅತ್ತರೆ, ಮೂತ್ರ ಕಡುಬಣ್ಣವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಲ ಬಿಳಿಚಿಕೊಂಡರೆ ಅಥವಾ ಹಳದಿ ಎರಡು ವಾರ ದಾಟಿದರೆ ಅದು ಬೇರೆ ಕಾಯಿಲೆಯ ಸೂಚನೆಯಾಗಿರಬಹುದು, ಅದಕ್ಕೂ ತಡ ಮಾಡಬಾರದು.

'ಬೆಳಗ್ಗಿನ ಬಿಸಿಲು ತೋರಿಸಿ, ಹೋಗುತ್ತದೆ' ಎಂದು ಅಜ್ಜಿಯಂದಿರು ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಜೀನ್ ವಾರ್ಡ್ ಎಂಬ ದಾದಿ, ಬಿಸಿಲಿಗೆ ಬಿದ್ದ ಚರ್ಮದ ಹಳದಿ ಮಾಸಿದ್ದನ್ನು ಗಮನಿಸಿದರು. ಇಂದಿನ ನೀಲಿ ಬೆಳಕಿನ ಚಿಕಿತ್ಸೆ ಅಲ್ಲಿಂದಲೇ ಬಂತು. ಆದರೆ ಅಂಗಳದ ಬಿಸಿಲಿಗೆ ಅಳತೆಯಿಲ್ಲ, ಮೋಡ ಬೇರೆ. ಹಿರಿಯಡ್ಕದಿಂದ ಮಣಿಪಾಲ, ಉಡುಪಿ ದೂರವೇನಲ್ಲ.

ಜಿ6ಪಿಡಿ ಪತ್ತೆಗೆ ರಕ್ತಪರೀಕ್ಷೆ ಸಾಕು. ರಕ್ತಕಣಗಳು ಒಡೆದ ಕೂಡಲೇ ಮಾಡಿಸಿದರೆ ಮಾತ್ರ ಫಲಿತಾಂಶ ಸರಿಯಿದೆಯೆಂದೇ ಬರಬಹುದು, ಏಕೆಂದರೆ ಆಗ ಉಳಿದಿರುವುದು ಕಿಣ್ವ ಹೆಚ್ಚಿರುವ ಹೊಸ ಕಣಗಳು. ಹಾಗಾಗಿ ಕೆಲವು ತಿಂಗಳ ಬಳಿಕ ಇನ್ನೊಮ್ಮೆ ಪರೀಕ್ಷಿಸುತ್ತಾರೆ.