ಬೇಟೆಗಾರ ಹಕ್ಕಿಯ ಸಮೀಪದಲ್ಲಿ

ಅರಿಶಿನಕುಂಟೆಯ ಆಕಾಶದಲ್ಲಿ ಹದ್ದು ಕಾಣದ ದಿನವಿಲ್ಲ. ನೆಲಮಂಗಲದ ಮಗ್ಗುಲಲ್ಲಿ, ತುಮಕೂರು ಹೆದ್ದಾರಿಯ ಗದ್ದಲವನ್ನು ಕೇಳುತ್ತ ಬೆಳೆಯುತ್ತಿರುವ ಈ ಊರಿನಲ್ಲಿ ಮನೆಗಳು ದಿನೇ ದಿನೇ ಹೆಚ್ಚುತ್ತಿವೆ. ಎತ್ತರದ ಮರಗಳು ಅಷ್ಟಿಷ್ಟು ಉಳಿದಿವೆ. ಆ ಮರಗಳ ನೆತ್ತಿಯಲ್ಲಿ ಕಡ್ಡಿ, ಚಿಂದಿ, ತಂತಿಯ ತುಂಡುಗಳನ್ನು ಸೇರಿಸಿ ಗೂಡು ಕಟ್ಟುವ ಹದ್ದು ನಮಗೆಲ್ಲ ಎಷ್ಟು ಪರಿಚಿತವೆಂದರೆ, ಅದನ್ನು ನಾವು ನೋಡುವುದೇ ಇಲ್ಲ! ಮಾಂಸದಂಗಡಿಯ ಮೇಲೆ ಸುತ್ತುವ, ಮಕ್ಕಳ ಕೈಯ ತಿಂಡಿಗೆ ಎರಗುವ ಕಳ್ಳ ಎಂಬ ಬಿರುದನ್ನು ದಯಪಾಲಿಸಿ ಅದರ ವಿಚಾರವನ್ನು ಅಲ್ಲಿಗೇ ಮುಗಿಸಿಬಿಡುತ್ತೇವೆ.

ಓದುಗರು ಒಂದು ದಿನ ಮಾಳಿಗೆಯನ್ನೇರಿ ಹತ್ತು ನಿಮಿಷ ಬಿಡುವು ಮಾಡಿಕೊಂಡು ನೋಡಬೇಕು. ಕವಲೊಡೆದ ಆ ಬಾಲವು ದೋಣಿಯ ಚುಕ್ಕಾಣಿಯಂತೆ ಅತ್ತಿತ್ತ ಹೊರಳುತ್ತ, ರೆಕ್ಕೆಯನ್ನು ಒಮ್ಮೆಯೂ ಬಡಿಯದೆ ಮೈಯನ್ನು ತಿರುಗಿಸುವ ಬಗೆಯನ್ನು ಗಮನಿಸಿದರೆ, ನಮ್ಮ ಯಂತ್ರವಿಮಾನಗಳ ಮೇಲಿನ ಗೌರವ ಸ್ವಲ್ಪ ಕಡಿಮೆಯಾದೀತು. ಕಾಲಿನಲ್ಲಿ ಹಿಡಿದ ತುಣುಕನ್ನು ಕೊಕ್ಕಿಗೆ ತಂದುಕೊಂಡು, ಹಾರುತ್ತಿರುವಾಗಲೇ ಊಟವನ್ನು ಮುಗಿಸುವ ಅದರ ಚಾತುರ್ಯವಂತೂ ನೋಡಿಯೇ ತಿಳಿಯಬೇಕಾದದ್ದು.

ಇದರ ಬಂಧುವೇ ಆದ ಗರುಡನಿಗೆ ಮಾತ್ರ ನಮ್ಮಲ್ಲಿ ಬೇರೆಯೇ ಮರ್ಯಾದೆ. ಬಿಳಿಯ ತಲೆ, ಬಿಳಿಯ ಎದೆ, ಇಟ್ಟಿಗೆ ಬಣ್ಣದ ಮೈ. ರಥೋತ್ಸವದ ಹೊತ್ತಿಗೆ ಅದು ತೇರಿನ ಮೇಲೆ ಒಂದು ಸುತ್ತು ಬಂದರೆ ಸಾವಿರ ಕೈಗಳು ಮುಗಿಯುತ್ತವೆ. ಎರಡು ತಲೆಯ ಗಂಡಭೇರುಂಡವನ್ನು ರಾಜ್ಯದ ಲಾಂಛನವಾಗಿ ಇಟ್ಟುಕೊಂಡ ನಾಡು ನಮ್ಮದು. ಕಲ್ಪನೆಯ ಹಕ್ಕಿಗೆ ಇಷ್ಟು ಮನ್ನಣೆ ಕೊಟ್ಟವರು ಕಣ್ಣೆದುರಿನ ಹಕ್ಕಿಯತ್ತ ಕತ್ತೆತ್ತಿ ನೋಡುವುದಿಲ್ಲವೆಂಬುದು ವಿಚಿತ್ರವೇ ಸರಿ.

ಬೇಟೆಗಾರ ಹಕ್ಕಿಯನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಶ್ಯೇನ ವಿನೋದವೂ, ಎಂದರೆ ಗಿಡುಗವನ್ನು ಪಳಗಿಸಿ ಬೇಟೆಯಾಡಿಸುವ ಆಟವೂ, ಸೇರಿದೆ. ಗಿಡುಗ ಬಂದು ಮುಂಗೈಯ ಮೇಲೆ ಕೂಡುವುದಕ್ಕಿಂತ ಹೆಚ್ಚಿನ ಸಾಮೀಪ್ಯ ಇನ್ನೇನಿದ್ದೀತು? ಆದರೆ ಆ ಸಾಮೀಪ್ಯ ಹಕ್ಕಿಯನ್ನು ಹಿಡಿದು ಕಟ್ಟಿ ಪಡೆದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಕಾಡು ಗಿಡುಗವನ್ನು ಹಿಡಿಯುವುದೂ ಸಾಕುವುದೂ ಅಪರಾಧ. ನನ್ನ ಮಟ್ಟಿಗೆ ಹೇಳುವುದಾದರೆ, ಇದರಿಂದ ನಮಗೇನೂ ನಷ್ಟವಾಗಿಲ್ಲ. ಕಟ್ಟಿಟ್ಟ ಹಕ್ಕಿ ನಮ್ಮನ್ನು ನೋಡುವುದು ಅನ್ನಕ್ಕಾಗಿ. ಸ್ವತಂತ್ರ ಹಕ್ಕಿ ನಮ್ಮನ್ನು ನೋಡಿ, ಅಳೆದು, ಇವನಿಂದ ಅಪಾಯವಿಲ್ಲವೆಂದು ನಿರ್ಧರಿಸಿ, ತನ್ನ ಕೆಲಸಕ್ಕೆ ಮರಳಿದಾಗ ಆಗುವ ಸಂತೋಷ ಬೇರೆಯ ಜಾತಿಯದು.

ಆ ಸಂತೋಷವನ್ನು ಬಯಸುವವರು ಅರಿಶಿನಕುಂಟೆಯಿಂದ ಬಹು ದೂರ ಹೋಗಬೇಕಾಗಿಲ್ಲ. ಪೂರ್ವಕ್ಕೆ ಒಂದು ಗಂಟೆಯೊಳಗಿನ ಹಾದಿಯಲ್ಲಿ ಹೆಸರಘಟ್ಟವಿದೆ. 1894ರಲ್ಲಿ ಅರ್ಕಾವತಿಗೆ ಅಡ್ಡಕಟ್ಟೆ ಹಾಕಿ ನಿರ್ಮಿಸಿದ ಇಲ್ಲಿನ ಕೆರೆ ಬೆಂಗಳೂರಿಗೆ ನೀರುಣಿಸಿದ ಕಥೆ ಹಿರಿಯರಿಗೆ ಗೊತ್ತು. ಕೆರೆಯ ಆಚೆಗೆ ಹರಡಿಕೊಂಡಿರುವ ಹುಲ್ಲುಗಾವಲಿನ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನವರಾತ್ರಿಯ ಆಸುಪಾಸಿಗೆ ಮಳೆ ಹಿಂದೆಗೆದು ಹುಲ್ಲು ಹೊಂಬಣ್ಣಕ್ಕೆ ತಿರುಗುವಾಗ ಇಲ್ಲಿಗೆ ದೂರದ ಅತಿಥಿಗಳು ಬಂದಿಳಿಯುತ್ತಾರೆ. ನಮ್ಮ ಪಕ್ಷಿಪಟ್ಟಿಗಳಲ್ಲಿ ಇವಕ್ಕೆ ‘ಸೆಳೆವ’ ಎಂಬ ಮುದ್ದಾದ ಹೆಸರಿದೆ. ನೀಳವಾದ ರೆಕ್ಕೆ, ಉದ್ದನೆಯ ಬಾಲ, ತೆಳು ಮೈಯ ಬೇಟೆಗಾರ ಹಕ್ಕಿಗಳು ಇವು. ಗಂಡು ಬೂದಿಯ ಬಣ್ಣ. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿಯ ಪಟ್ಟೆ. ಬೇಟೆಗಾರ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಗಂಡಿಗಿಂತ ಹೆಣ್ಣೇ ದೊಡ್ಡದು ಎಂಬ ಸಂಗತಿಯನ್ನು ನಮ್ಮ ಗೃಹಿಣಿಯರು ಮೆಚ್ಚಿಯಾರು!

ಬೆಂಗಳೂರಿನ ಆಟ್ರೀ ಸಂಸ್ಥೆಯ ಸಂಶೋಧಕರು ಕೆಲವು ಸೆಳೆವಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಸಾಧನವನ್ನು ಕಟ್ಟಿ ಹಿಂಬಾಲಿಸಿದಾಗ, ಅವು ಬೇಸಗೆಗೆ ಕಜಕಸ್ತಾನದ ಬಯಲುಗಳವರೆಗೆ ಹೋಗುವುದು ತಿಳಿದುಬಂತು. ಸಾವಿರಾರು ಮೈಲಿಯ ಈ ಯಾತ್ರೆಯನ್ನು ಮಾಡುವ ಹಕ್ಕಿಯ ತೂಕ ಅರ್ಧ ಕಿಲೋಗ್ರಾಂಗಿಂತ ಕಡಿಮೆ.

ಹತ್ತಿರದಿಂದ ನೋಡುವುದಕ್ಕೆ ಒಂದು ಉಪಾಯವುಂಟು. ಹುಲ್ಲಿನಲ್ಲಿ ನಡೆದು ಹೋದರೆ ಹಕ್ಕಿ ದೂರ ಸರಿಯುತ್ತದೆ; ಎರಡು ಕಾಲಿನ ಪ್ರಾಣಿಯ ಪರಿಚಯ ಅದಕ್ಕೆ ಚೆನ್ನಾಗಿಯೇ ಇದೆ. ಆದರೆ ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆಯದೆ ಒಳಗೇ ಕುಳಿತರೆ, ಕಾರನ್ನು ಅದು ಒಂದು ಬಂಡೆಯೆಂದೇ ಎಣಿಸುತ್ತದೆ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನಿದ್ದರೆ ಎಂಬತ್ತು ಗಜದ ಹಕ್ಕಿ ಹತ್ತು ಗಜದಲ್ಲಿ ಕುಳಿತಂತೆ ಕಾಣುತ್ತದೆ. ಬಣ್ಣದ ಉಡುಪು ಬೇಡ, ಮಾತು ಬೇಡ. ಚಹದ ಫ್ಲಾಸ್ಕು ಇರಲಿ, ಅಡ್ಡಿಯಿಲ್ಲ.

ಹೀಗೆ ಕುಳಿತಿದ್ದ ಒಂದು ಜನವರಿಯ ಬೆಳಿಗ್ಗೆ ಗಂಡು ಸೆಳೆವವೊಂದು ನೇರವಾಗಿ ನಮ್ಮತ್ತ ಬಂತು. ನೆಲದಿಂದ ಎರಡಾಳೆತ್ತರವೂ ಇಲ್ಲ. ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ಗಾಳಿಗೆ ಎದುರಾಗಿ ತೇಲುತ್ತ, ತಲೆಯನ್ನು ಬಗ್ಗಿಸಿ ಹುಲ್ಲನ್ನು ಓದುತ್ತಿರುವಂತೆ ಬರುತ್ತಿತ್ತು. ಗೂಬೆಯದನ್ನು ಹೋಲುವ ಚಪ್ಪಟೆ ಮುಖ ಅದಕ್ಕೆ. ಹುಲ್ಲಿನೊಳಗಿನ ಸಣ್ಣ ಸರಪರ ಸದ್ದನ್ನು ಕಿವಿಗೆ ಕೂಡಿಸಿಕೊಡುವುದು ಆ ಮುಖದ ಗರಿಗಳ ಕೆಲಸ. ಇದ್ದಕ್ಕಿದ್ದಂತೆ ಗಾಳಿಯಲ್ಲಿ ನಿಂತಿತು, ಮಗುಚಿತು, ಉದ್ದನೆಯ ಹಳದಿ ಕಾಲುಗಳನ್ನು ಚಾಚಿ ಹುಲ್ಲಿಗೆ ಬಿತ್ತು. ಎದ್ದಾಗ ಕಾಲಿನಲ್ಲಿ ಏನೋ ಸಣ್ಣದಿತ್ತು. ಕಾರಿನ ಮುಂದೆ ಹಾದುಹೋಗುವಾಗ ಒಂದು ಕ್ಷಣ ಮುಖ ತಿರುಗಿಸಿತು. ಬೇಟೆಗಾರ ಹಕ್ಕಿಯ ಕಣ್ಣು ಗುಳಿಯಲ್ಲಿ ಹೆಚ್ಚು ಹೊರಳಲಾರದು. ನೋಡಬೇಕಾದರೆ ಇಡೀ ತಲೆಯನ್ನೇ ತಿರುಗಿಸಬೇಕು. ಆದ್ದರಿಂದ ಅದು ಓರೆಗಣ್ಣಿನಿಂದ ನೋಡಲಿಲ್ಲ, ಪೂರ್ತಿಯಾಗಿ ನೋಡಿತು. ಆ ಹಳದಿ ಕಣ್ಣಿನಲ್ಲಿ ಕೋಪವೂ ಇರಲಿಲ್ಲ, ಸ್ನೇಹವೂ ಇರಲಿಲ್ಲ.

ಕಾರಿನ ಹಿಂದೆ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. “ಕೋಳಿಮರಿ ಎತ್ಕೊಂಡು ಹೋಗೋ ಜಾತಿ ಅಲ್ಲ ಮೇಷ್ಟ್ರೇ ಇದು. ಮಿಡತೆ ತಿನ್ನೋದು. ಇದು ಬಂದ ವರ್ಷ ನಮ್ಗೆ ಹುರುಳಿ ಉಳೀತದೆ” ಎಂದರು. ಮಿಡತೆಯು ಈ ಹಕ್ಕಿಗೆ ಇಲ್ಲಿ ಪ್ರಮುಖ ಆಹಾರವೆಂದು ಶಾಸ್ತ್ರಜ್ಞರೂ ಬರೆದಿದ್ದಾರೆ. ಮುದುಕರಿಗೆ ಅವರ ಸಾಕ್ಷ್ಯ ಬೇಕಾಗಿರಲಿಲ್ಲ.

ಸಂಜೆಯ ದೃಶ್ಯ ಇನ್ನೂ ಸೊಗಸು. ಸೆಳೆವಗಳು ರಾತ್ರಿ ಮರದಲ್ಲಿ ತಂಗುವುದಿಲ್ಲ. ಹುಲ್ಲಿನ ನಡುವೆ ನೆಲದ ಮೇಲೆಯೇ ಒಟ್ಟಾಗಿ ಮಲಗುತ್ತವೆ. ಗುಜರಾತಿನ ವೇಳಾವದರದ ಬಯಲಿನಲ್ಲಿ ಹೀಗೆ ಸಾವಿರಾರು ಸೇರಿದ ದಾಖಲೆಗಳಿವೆ. ನಮ್ಮಲ್ಲಿ ಅಷ್ಟು ಸಂಪತ್ತಿಲ್ಲ. ಆದರೂ ಹೊತ್ತು ಮುಳುಗುವಾಗ ಒಂದೊಂದಾಗಿ ಬಂದು, ಸುತ್ತಿ, ಹುಲ್ಲಿನೊಳಗೆ ಮುಳುಗಿ ಮಾಯವಾಗುವ ಆಟವನ್ನು ನೋಡಿದವರು ಮನೆಗೆ ತಡವಾಗಿಯೇ ಹೋಗುತ್ತಾರೆ.

ನೆಲದ ಮೇಲೆ ಮಲಗುವ ಹಕ್ಕಿಗೆ ನೆಲವೇ ಮನೆ ಎಂಬುದನ್ನು ನಾವು ಮರೆಯುವುದರಲ್ಲಿಯೇ ತೊಂದರೆ ಇರುವುದು. ಹುಲ್ಲುಗಾವಲೆಂದರೆ ನಮ್ಮ ಲೆಕ್ಕದಲ್ಲಿ ಬೀಳುಭೂಮಿ. ಬೀಳುಭೂಮಿಯಲ್ಲಿ ಗಿಡ ನೆಡುವುದು ಪುಣ್ಯದ ಕೆಲಸವೆಂದು ನಂಬಿದ ಸಜ್ಜನರು ನೆಡುತ್ತಾರೆ. ಭಾನುವಾರದ ಸಾಹಸಿಗಳು ದಪ್ಪ ಚಕ್ರದ ಗಾಡಿಗಳನ್ನು ತಂದು ಹುಲ್ಲನ್ನು ಉತ್ತು ಹೋಗುತ್ತಾರೆ. ಒಳ್ಳೆಯ ಚಿತ್ರ ಬೇಕೆಂದು ಹಕ್ಕಿಗೆ ಮಾಂಸದ ಆಮಿಷವೊಡ್ಡುವ ಛಾಯಾಗ್ರಾಹಕರೂ ಉಂಟು. ಇವರ ಸಾಮೀಪ್ಯವು ಸೋಮೇಶ್ವರ ದೊರೆಯ ಸಾಮೀಪ್ಯಕ್ಕಿಂತ ಕೆಳಮಟ್ಟದ್ದೆಂದು ನಾನು ಹೇಳಬಲ್ಲೆ. ದೊರೆಗೆ ಹಕ್ಕಿಯನ್ನು ಪಳಗಿಸುವ ವಿದ್ಯೆಯಾದರೂ ತಿಳಿದಿತ್ತು.

ಬೇಟೆಗಾರ ಹಕ್ಕಿಗಳು ಎಷ್ಟು ಬೇಗ ಕೈತಪ್ಪಿ ಹೋಗಬಲ್ಲವೆಂಬುದಕ್ಕೆ ರಾಮನಗರದ ರಾಮದೇವರ ಬೆಟ್ಟವೇ ಸಾಕ್ಷಿ. ‘ಶೋಲೆ’ ಚಿತ್ರದ ಬಂಡೆಗಳೆಂದರೆ ಎಲ್ಲರಿಗೂ ಗೊತ್ತು. ಆ ಬಂಡೆಗಳ ಬಿರುಕುಗಳಲ್ಲಿ ರಣಹದ್ದುಗಳು ಗೂಡು ಮಾಡುತ್ತಿದ್ದುದು ಎಷ್ಟು ಮಂದಿಗೆ ಗೊತ್ತು? 1990ರ ದಶಕದಲ್ಲಿ ದೇಶದಾದ್ಯಂತ ರಣಹದ್ದುಗಳು ಸಾಯತೊಡಗಿದವು. ದನಗಳ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವು, ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಹೊಟ್ಟೆ ಸೇರಿ ಮೂತ್ರಪಿಂಡವನ್ನು ಹಾಳುಮಾಡುತ್ತಿದ್ದುದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದರು. ಅಷ್ಟು ಹೊತ್ತಿಗೆ, ಹಿಂದೆ ಹಿಂಡುಹಿಂಡಾಗಿ ಕಾಣುತ್ತಿದ್ದ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿದಿತ್ತು. 2012ರಲ್ಲಿ ಬೆಟ್ಟವನ್ನು ರಣಹದ್ದು ಧಾಮವೆಂದು ಸಾರಿದ್ದಾಯಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಮತ್ತೆ ತುಂಬಿಕೊಳ್ಳುವುದು ಸುಲಭವಲ್ಲ.

ಹೆಸರಘಟ್ಟದ ಹುಲ್ಲಿಗೂ ಈಗ ರಕ್ಷಣೆಯ ಮಾತು ಬಂದಿದೆ. ವರ್ಷಗಳ ಹಗ್ಗಜಗ್ಗಾಟದ ನಂತರ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿಗೆ ಕೊಟ್ಟಿತು.

ಹೆಸರಘಟ್ಟಕ್ಕೆ ಹೋಗಲಾಗದವರು ಶಿವಗಂಗೆಯನ್ನು ಹತ್ತಬಹುದು. ಸುಮಾರು ನಾಲ್ಕೂವರೆ ಸಾವಿರ ಅಡಿ ಎತ್ತರದ ಈ ಬೆಟ್ಟದಲ್ಲಿ, ಬಂಡೆ ಕಾದು ಬಿಸಿಗಾಳಿ ಮೇಲೇಳುವ ಹತ್ತು ಗಂಟೆಯ ಹೊತ್ತಿಗೆ, ಹದ್ದುಗಳು ಆ ಗಾಳಿಯನ್ನೇರಿ ಸುತ್ತುತ್ತ ನಮ್ಮ ಕಾಲಿನ ಕೆಳಗಿನಿಂದ ಮೇಲಕ್ಕೆ ಬರುತ್ತವೆ. ಹೊಟ್ಟೆಯನ್ನಷ್ಟೇ ಕಂಡಿದ್ದ ಹಕ್ಕಿಯ ಬೆನ್ನು ಕಾಣುವುದು ಅಲ್ಲಿ. ಸೆಳೆವಗಳನ್ನೇ ನೋಡಬೇಕೆಂದು ಹಟವಿರುವವರು ಮಾರ್ಚಿ ಮುಗಿಯುವ ಮೊದಲು ಹುಲ್ಲುಗಾವಲಿಗೆ ಹೋಗಿಬರಬೇಕು. ಅಲ್ಲಿಂದಾಚೆಗೆ ಅವು ಉತ್ತರದ ಪ್ರಯಾಣಕ್ಕೆ ಗಂಟು ಕಟ್ಟುತ್ತವೆ.