ಟೆನಿಸ್ ಬಾಲ್ ಹೀರೋ ರಣಜಿ ಆಡಬಲ್ಲನಾ?

ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಎಲ್ಲಿ ಹೋದ್ರೂ ಟೆನಿಸ್ ಬಾಲ್ ಕ್ರಿಕೆಟ್. ಇಲ್ಲಿ ಸಿಕ್ಸರ್ ಬಾರಿಸೋ ಹುಡುಗ ರಣಜಿ ಆಡಬಲ್ಲನಾ?

ಮೊದಲು ಚೆಂಡು ನೋಡಿ. ಟೆನಿಸ್ ಬಾಲ್ 60 ಗ್ರಾಂ ಒಳಗೆ. ಲೆದರ್ ಬಾಲ್ 160ರ ಆಸುಪಾಸು, ಜೊತೆಗೆ ಹೊಲಿಗೆ. ಆ ಹೊಲಿಗೆ ನೆಲಕ್ಕೆ ತಾಗಿದ್ರೆ ಚೆಂಡು ಒಳಗೂ ನುಗ್ಗುತ್ತೆ, ಹೊರಗೂ ಜಾರುತ್ತೆ. ಕಾಲು ಸರಿಸಿ, ಜಾಗ ಮಾಡ್ಕೊಂಡು ಅಡ್ಡಡ್ಡ ಬೀಸಿದ್ರೆ ಬ್ಯಾಟಿನ ಅಂಚು ಸವರಿ ನೇರ ಸ್ಲಿಪ್ ಕೈಗೆ! ಬ್ಯಾಟ್ಸ್‌ಮನ್‌ಗೆ ಇದು ನಿಜಕ್ಕೂ ಕಷ್ಟ.

ಆದ್ರೆ ಬೌಲರ್‌ಗೆ ದಾರಿ ಇದೆ. ಸೇಲಂ ಬಳಿಯ ಹಳ್ಳೀಲಿ ಟೆನಿಸ್ ಬಾಲ್‌ನಲ್ಲೇ ಯಾರ್ಕರ್ ಪಳಗಿಸಿದ ನಟರಾಜನ್, 2020-21ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಭಾರತದ ಪರ ಮೂರೂ ಮಾದರಿಯಲ್ಲಿ ಆಡಿದ್ರು. ನಮ್ಮ ಜಿಲ್ಲೆಗೂ ಇದು ಹೊಸದಲ್ಲ: ಅರಸೀಕೆರೆಯಲ್ಲಿ ಹುಟ್ಟಿದ ವೇಗಿ ಡೇವಿಡ್ ಜಾನ್ಸನ್ 1996ರಲ್ಲೇ ಟೆಸ್ಟ್ ಆಡಿದ್ರು.

ನಮ್ಮ ಹುಡುಗರ ತೋಳಲ್ಲಿ ಕಸುವಿದೆ. ತಾಲೂಕಿಗೊಂದು ಒಳ್ಳೆ ಟರ್ಫ್ ವಿಕೆಟ್, ಒಬ್ಬ ಕೋಚ್, ಚಿಕ್ಕ ವಯಸ್ಸಲ್ಲೇ ಕೈಗೊಂದು ಲೆದರ್ ಬಾಲ್ ಕೊಡಿ.