ಸೈಕಲ್ಲಿನ ಹೊಟ್ಟೆಯೊಳಗಿನ ತುಕ್ಕು

ಮಕ್ಕಳೇ, ಸೈಕಲ್‌ಗೆ ತುಕ್ಕು ಹಿಡಿದಿದೆಯೇ ನೋಡಿ ಎಂದರೆ ನೀವು ಎಲ್ಲಿ ನೋಡುತ್ತೀರಿ? ಚೈನು, ರಿಮ್ಮು, ಹ್ಯಾಂಡಲ್ಲು. ಅಲ್ಲಿಯ ತುಕ್ಕು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತುಕ್ಕು ಇನ್ನೊಂದಿದೆ. ಸೈಕಲ್ಲಿನ ಫ್ರೇಮು ಗಟ್ಟಿ ಸರಳಲ್ಲ, ಟೊಳ್ಳು ಕೊಳವೆ. ಹೊರಗೆ ಬಣ್ಣ ಇರುತ್ತದೆ. ಒಳಗೆ ಬಹುಪಾಲು ಬರೀ ಉಕ್ಕು. ತುಕ್ಕು ಅಲ್ಲಿ ಗೆದ್ದಲಿನಂತೆ ಸದ್ದಿಲ್ಲದೆ ತಿನ್ನುತ್ತದೆ.

ನಾನು ಕೊರಟಗೆರೆಯಲ್ಲಿ ಬಹಳ ವರ್ಷ ಸೈಕಲ್ ರಿಪೇರಿ ಮಾಡಿದವನು. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತಲ್ಲ, ಅವುಗಳಲ್ಲಿ ಎಷ್ಟೋ ಸೈಕಲ್‌ಗಳು ಈಗ ತಾತಂದಿರ ಕೈಗೆ ಬಂದಿವೆ. ಡೈರಿಗೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಒಮ್ಮೊಮ್ಮೆ ಕ್ಯಾರಿಯರ್ ಮೇಲೆ ಮೊಮ್ಮಗು. ಇಳಿಜಾರಿನಲ್ಲಿ ಫ್ರೇಮು ಮುರಿದರೆ ಬೀಳುವುದು ಇಬ್ಬರೂ. ಅದಕ್ಕೇ ಈ ಮಾತು.

ಮಣ್ಣಿನಿಂದ ಬಂದದ್ದು

ನಮ್ಮ ಸೀಮೆಗೆ ಕಬ್ಬಿಣ ಹೊಸದಲ್ಲ. 1800ರಲ್ಲಿ ಇಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಕಡೆ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಆ ಮರಳಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಸೇರಿಕೊಂಡಿರುತ್ತದೆ. ಕುಲುಮೆಯ ಬೆಂಕಿಯಲ್ಲಿ ಇದ್ದಿಲು ಆ ಆಮ್ಲಜನಕವನ್ನು ಕಿತ್ತುಕೊಂಡಾಗ ಕಬ್ಬಿಣ ಉಳಿಯುತ್ತದೆ. ತುಕ್ಕು ಹಿಡಿಯುವುದು ಇದರ ಉಲ್ಟಾ. ನೀರೂ ಗಾಳಿಯೂ ಸಿಕ್ಕರೆ ಕಬ್ಬಿಣ ಮತ್ತೆ ಆಮ್ಲಜನಕದ ಜೊತೆ ಸೇರಿ ಕೆಂಪು ಪುಡಿಯಾಗುತ್ತದೆ. ಈ ಪುಡಿ ಉಬ್ಬಿ ಉದುರುವುದರಿಂದ ಕೆಳಗಿನ ಹೊಸ ಉಕ್ಕು ಮತ್ತೆ ಬಯಲಾಗುತ್ತದೆ. ಹೀಗೆ ಕೊಳವೆ ತೆಳ್ಳಗಾಗುತ್ತಾ ಹೋಗುತ್ತದೆ.

ನೀರು ಒಳಗೆ ಹೋಗುವುದು ಹೇಗೆ?

ಸೀಟಿನ ಕೆಳಗಿನ ಪಿಲ್ಲರ್ ಫ್ರೇಮಿನೊಳಗೆ ಇಳಿಯುವ ಕಡೆ ಒಂದು ಸೀಳು ಇರುತ್ತದೆ. ಮಳೆನೀರು ಅಲ್ಲಿಂದ ಇಳಿದು ಪೆಡಲ್ಲಿನ ಅಚ್ಚು ಕೂರುವ ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದೇ ಹೊತ್ತಿಗೆ ಆಯುಧಪೂಜೆ. ಪೈಪು ಹಿಡಿದು ಸೈಕಲ್ ತೊಳೆಯುವ ಸಂಭ್ರಮ! ಚಳಿಗಾಲದ ರಾತ್ರಿಯಲ್ಲಿ ಕೊಳವೆಯೊಳಗಿನ ತೇವದ ಗಾಳಿ ತಣ್ಣಗಾಗಿ ಹನಿಗಟ್ಟುವುದೂ ಉಂಟು. ಪೊಟ್ಯಾಷ್ ಗೊಬ್ಬರದ ಪುಡಿ, ಕೊಟ್ಟಿಗೆಯ ಗಂಜಲ ತಾಗಿದರೆ ಅದರಲ್ಲಿನ ಲವಣಗಳಿಂದ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಹಾಗಾಗಿ ಸೈಕಲ್ಲನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಬೇಡಿ.

ಪರೀಕ್ಷೆ ಮಾಡಿ

ತಾತ ಸ್ಪ್ಯಾನರ್ ಹಿಡಿಯಲಿ, ಮೊಮ್ಮಕ್ಕಳು ಟಾರ್ಚ್ ಹಿಡಿಯಲಿ. ಸೀಟು ಎಷ್ಟು ಎತ್ತರಕ್ಕಿತ್ತು ಎಂದು ಪಿಲ್ಲರ್ ಮೇಲೆ ಗುರುತು ಹಾಕಿ, ಬೋಲ್ಟ್ ಸಡಿಲಿಸಿ ಅದನ್ನು ಹೊರಗೆ ತೆಗೆಯಿರಿ. ಕೊಳವೆಯೊಳಗೆ ಬೆಳಕು ಬಿಟ್ಟು ನೋಡಿ. ಸೈಕಲ್ಲನ್ನು ತಲೆಕೆಳಗು ಮಾಡಿ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಕೆಂಪು ಪುಡಿಯಷ್ಟೇ ಉದುರಿದರೆ ಗಾಬರಿ ಬೇಡ. ಹೊಟ್ಟಿನಂಥ ಪದರಗಳು ಉದುರಿದರೆ ಎಚ್ಚರ. ಪೆಡಲ್ಲಿನ ಬಳಿ ಬಣ್ಣ ಗುಳ್ಳೆಯಂತೆ ಎದ್ದಿದ್ದರೆ ತುಕ್ಕು ಒಳಗಿನಿಂದ ಹೊರಗೆ ಬರುತ್ತಿರಬಹುದು. ಆ ಜಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿದಾಗ ತಗ್ಗು ಬಿದ್ದರೆ ಆ ಸೈಕಲ್ ಹತ್ತಲೇಬೇಡಿ. ತೆಳ್ಳಗಾದ ಕೊಳವೆಗೆ ವೆಲ್ಡಿಂಗ್ ತೇಪೆ ಹಾಕಿದರೂ ಪಕ್ಕದಲ್ಲೇ ಮುರಿಯುತ್ತದೆ.

ಮದ್ದು

ಮೊದಲು ಪದರಗಳನ್ನೆಲ್ಲ ಉದುರಿಸಿ. ಸೈಕಲ್ ಕಡ್ಡಿಯ ತುದಿಗೆ ಒರಟು ಬಟ್ಟೆ ಬಿಗಿಯಾಗಿ ಸುತ್ತಿ ಒಳಗೆ ಉಜ್ಜಿ. ಆಮೇಲೆ ಒಂದು ದಿನ ಪೂರ್ತಿ ಬಿಸಿಲಿನಲ್ಲಿ ತಲೆಕೆಳಗಾಗಿ ಒಣಗಿಸಿ. ಎಣ್ಣೆ ಬಿಡುವ ಕೆಲಸವನ್ನು ಪೆಡಲ್ಲಿನ ಅಚ್ಚು ಬಿಚ್ಚಿಸಿ ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಎಣ್ಣೆ ಇಳಿದು ಬಾಲ್ಸಿನ ಗ್ರೀಸು ತೊಳೆದುಹೋಗುತ್ತದೆ. ಎರಡು ಮೂರು ಚಮಚ ಮೆಷಿನ್ ಎಣ್ಣೆ ಅಥವಾ ಅಗಸೆ ಎಣ್ಣೆ ಬಿಟ್ಟು, ಫ್ರೇಮನ್ನು ಎಲ್ಲ ಕಡೆಗೂ ವಾಲಿಸಿ, ರಾತ್ರಿಯಿಡೀ ಸೋರಲು ಬಿಡಿ. ಅಗಸೆ ಎಣ್ಣೆ ನಿಧಾನವಾಗಿ ಗಟ್ಟಿಯಾಗಿ ಪೊರೆಯಂತೆ ಅಂಟಿಕೊಳ್ಳುತ್ತದೆ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಹಿತ್ತಾಳೆ ಬೆಳಗುವ ಹುಣಸೆಹುಳಿ ನಮ್ಮ ಕಡೆ ಧಾರಾಳ. ಆದರೆ ಅದನ್ನಾಗಲಿ, ಬಚ್ಚಲು ತೊಳೆಯುವ ಆ್ಯಸಿಡ್ಡನ್ನಾಗಲಿ ಕೊಳವೆಯೊಳಗೆ ಹುಯ್ಯಬೇಡಿ. ಪೂರ್ತಿ ತೊಳೆಯಲು ಆಗದು. ಒಳಗೆ ಉಳಿದ ಹುಳಿ ಉಕ್ಕನ್ನೇ ತಿನ್ನುತ್ತದೆ.

ಕೊನೆಗೆ ಪಿಲ್ಲರ್‌ಗೆ ಗ್ರೀಸು ಸವರಿ ಹಳೆಯ ಗುರುತಿಗೇ ಕೂರಿಸಿ. ಹಳೆಯ ಟ್ಯೂಬಿನಿಂದ ಬಳೆಯಂಥ ತುಂಡು ಕತ್ತರಿಸಿ ಸೀಳು ಮುಚ್ಚುವಂತೆ ತೊಡಿಸಿ. ಖರ್ಚಿಲ್ಲದ ಕೊಡೆ ಇದು! ಫ್ರೇಮಿನ ತಳದಲ್ಲಿ ಸಣ್ಣ ತೂತಿದ್ದರೆ ಅದನ್ನು ಮಾತ್ರ ಮುಚ್ಚಬೇಡಿ. ಒಳಗಿನ ನೀರು ಹೊರಗೆ ಹೋಗಲು ಅದೇ ದಾರಿ. ಕೆಸರು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ.

ಮಾಡಿ ನೋಡಿ

ಮೂರು ಲೋಟಗಳಲ್ಲಿ ಒಂದೊಂದು ಹೊಸ ಮೊಳೆ ಇಡಿ. ಮೊದಲನೆಯದು ಒಣಗಿರಲಿ. ಎರಡನೆಯದಕ್ಕೆ ಮೊಳೆ ಅರ್ಧ ಮುಳುಗುವಷ್ಟು ನೀರು ಹಾಕಿ. ಮೂರನೆಯದರಲ್ಲಿ ಮೊಳೆ ಪೂರ್ತಿ ಮುಳುಗುವಷ್ಟು ಕುದಿಸಿ ಆರಿಸಿದ ನೀರು ಹುಯ್ದು, ಮೇಲೆ ಅಡುಗೆ ಎಣ್ಣೆಯ ಪದರ ಬಿಡಿ. ಒಂದು ವಾರ ಕಾಯಿರಿ. ಯಾವ ಮೊಳೆ ಕೆಂಪಾಯಿತು, ಏಕೆ ಎಂದು ತಾತನಿಗೋ ಅಜ್ಜಿಗೋ ವಿವರಿಸಿ.

ಈ ಸಲ ಆಯುಧಪೂಜೆಗೆ ಸೈಕಲ್ ತೊಳೆದ ಮೇಲೆ ಸೀಟು ತೆಗೆದು, ತಲೆಕೆಳಗು ಮಾಡಿ, ಒಣಗಿಸಿ. ಅರಿಸಿನ ಕುಂಕುಮ ಆಮೇಲೆ.